ಬಾಣದಿಂದ ಅಲೆಗೆ

ಇಂಜಿನಿಯರಿಂಗ್, ಡಿಪ್ಲೊಮಾ ವ್ಯಾಸಂಗದಲ್ಲಿ ತೊಡಗಿರುವ ಮಕ್ಕಳು ನಮ್ಮ ಓದುಗರ ಮನೆಗಳಲ್ಲಿ ವಿರಳವೇನಲ್ಲ. ವಿದ್ಯುನ್ಮಂಡಲದ ಲೆಕ್ಕದಲ್ಲಿ ಅವರು ಫೇಸರ್ ರೂಪದ ಉತ್ತರದವರೆಗೆ ಸರಾಗವಾಗಿ ಸಾಗುತ್ತಾರೆ. ಅದನ್ನು ಮರಳಿ ಸೈನ್ ಅಲೆಯಾಗಿ ಬರೆಯುವ ಕೊನೆಯ ಹೆಜ್ಜೆಯಲ್ಲಿ ಎಡವುವವರೇ ಹೆಚ್ಚು. ಈ ಸಂಚಿಕೆಯಲ್ಲಿ ಆ ಹೆಜ್ಜೆಯನ್ನಷ್ಟೇ ಪರಿಶೀಲಿಸೋಣ.

ಮನೆಗೆ ಬರುವ ವಿದ್ಯುತ್ತು ಸೆಕೆಂಡಿಗೆ 50 ಆವರ್ತನಗಳಂತೆ ಏರಿಳಿಯುತ್ತದೆ. ಈ ಏರಿಳಿತವನ್ನು ಕ್ಷಣಕ್ಷಣಕ್ಕೂ ಗಣಿಸುವುದು ತ್ರಾಸದಾಯಕ. ಸಂಮಿಶ್ರ ಸಂಖ್ಯೆಗಳಿಂದ ಅದನ್ನು ಸುಲಭವಾಗಿ ಬಿಡಿಸುವ ವಿಧಾನವನ್ನು ಚಾರ್ಲ್ಸ್ ಸ್ಟೈನ್‌ಮೆಟ್ಜ್ ಅವರು 1893ರಲ್ಲಿ ಷಿಕಾಗೊದ ವಿದ್ಯುತ್ ಸಮ್ಮೇಳನದಲ್ಲಿ ಮಂಡಿಸಿದರು. ಇಲ್ಲಿ ಇಡೀ ಅಲೆಗೆ ಬದಲಾಗಿ ಒಂದೇ ಬಾಣ: ಅದರ ಉದ್ದ ಅಲೆಯ ಪ್ರಮಾಣವನ್ನೂ ಓರೆ ಅಲೆಯ ಫೇಸ್ ಕೋನವನ್ನೂ ಸೂಚಿಸುತ್ತವೆ. ಅದೇ ಫೇಸರ್.

40 ಓಂ ರೋಧ ಮತ್ತು 30 ಓಂ ರಿಯಾಕ್ಟೆನ್ಸಿನ ಸುರುಳಿ ಸರಣಿಯಲ್ಲಿವೆ ಎನ್ನಿ. ಒಟ್ಟು ಇಂಪೀಡೆನ್ಸ್ 70 ಅಲ್ಲ, 50 ಓಂ. 230 ವೋಲ್ಟಿಗೆ ಜೋಡಿಸಿದರೆ 4.6 ಆಂಪಿಯರ್ ಹರಿಯುತ್ತದೆ. ಕೋನ ಋಣ 36.87 ಡಿಗ್ರಿ. ಫೇಸರ್ ಲೆಕ್ಕ ಇಲ್ಲಿಗೆ ಮುಗಿಯಿತು.

ಈಗ ಅಲೆಗೆ ಮರಳೋಣ. 4.6 ಎಂಬುದು ಮೀಟರು ತೋರಿಸುವ ಆರ್.ಎಂ.ಎಸ್. ಮೌಲ್ಯ, ಗರಿಷ್ಠ ಮೌಲ್ಯಕ್ಕಾಗಿ ಎರಡರ ವರ್ಗಮೂಲದಿಂದ, ಎಂದರೆ 1.414ರಿಂದ, ಗುಣಿಸಿದರೆ 6.5 ಆಂಪಿಯರ್. (ಕೆಲವು ಪಠ್ಯಗಳು ಗರಿಷ್ಠ ಮೌಲ್ಯವನ್ನೇ ಬಾಣದ ಉದ್ದವಾಗಿ ಕೊಡುತ್ತವೆ, ಆಗ ಗುಣಿಸಬಾರದು. ಅಲೆಯನ್ನು ಸೈನ್‌ನಿಂದ ಬರೆಯುವುದೋ ಕೊಸೈನ್‌ನಿಂದಲೋ ಎಂಬುದನ್ನೂ ಮೊದಲೇ ನೋಡಿಕೊಳ್ಳಬೇಕು.) ಆವೃತ್ತಿಯು ಬಾಣದಲ್ಲಿ ಎಲ್ಲಿಯೂ ಇಲ್ಲ! ಅದನ್ನು ನಾವೇ ನೆನಪಿಟ್ಟು ತರಬೇಕು: ನಮ್ಮ ದೇಶದ 50 ಹರ್ಟ್ಸಿಗೆ 314, ಅಮೆರಿಕದ 60 ಹರ್ಟ್ಸಿಗೆ 377. ಈ ಸಂಖ್ಯೆಗಳು ರೇಡಿಯನ್ನಿನಲ್ಲಿರುವುದರಿಂದ 36.87 ಡಿಗ್ರಿಯನ್ನೂ 0.6435 ರೇಡಿಯನ್ ಆಗಿಸುವುದು ಕ್ಷೇಮ. ಕ್ಯಾಲ್ಕುಲೇಟರಿನ ಗುಂಡಿ ಮಾಡುವ ಅನರ್ಥ ಬಹಳ. ಉತ್ತರ: 6.5 ಸೈನ್ (314 ಟಿ − 0.6435). ಇಲ್ಲಿ ಟಿ ಎಂದರೆ ಸೆಕೆಂಡುಗಳಲ್ಲಿ ಕಾಲ. ಪ್ರವಾಹವು ವೋಲ್ಟೇಜಿಗಿಂತ ಸೆಕೆಂಡಿನ ಐನೂರರಲ್ಲೊಂದು ಪಾಲಿನಷ್ಟು ಹಿಂದೆ ಬೀಳುತ್ತದೆಂದು ಇದರ ಅರ್ಥ.

1.414ರ ಗುಣಾಕಾರವನ್ನು ಅಂಕಗಳ ವಿಷಯವೆಂದು ಮಾತ್ರ ತಿಳಿಯದಿರಲಿ. ಮನೆಯ 230 ವೋಲ್ಟಿನ ಅಲೆ ತನ್ನ ತುದಿಯಲ್ಲಿ 325 ವೋಲ್ಟನ್ನು ಮುಟ್ಟುತ್ತದೆ. 230ಕ್ಕಿಂತ 250 ದೊಡ್ಡದೆಂದು ನಂಬಿ, 250 ವೋಲ್ಟ್ ಡಿ.ಸಿ. ಎಂದು ಗುರುತು ಮಾಡಿದ ಕೆಪಾಸಿಟರನ್ನು ಈ ಸರಬರಾಜಿಗೆ ಹಾಕುವ ವಿದ್ಯಾರ್ಥಿಯ ಎದುರಿಗೇ ಅದು ಸಿಡಿಯಬಹುದು.