ಬರ್ಲಿನ್ನಿನ ಅಂಚೆಕಾರ್ಡು
ಈ ವಾರ ಬ್ರಹ್ಮಾವರದಿಂದ ಬೈಂದೂರಿಗೆ ಹೋಗುವ ಬಸ್ಸಿನಲ್ಲಿ ತೆರೆದು, ಕುಂದಾಪುರ ದಾಟಿದುದೂ ಅರಿವಿಗೆ ಬಾರದಂತೆ ಓದಿಸಿಕೊಂಡ ಹಾನ್ಸ್ ಫಲಾಡನ ‘ಅಲೋನ್ ಇನ್ ಬರ್ಲಿನ್’ ಕಾದಂಬರಿಯಲ್ಲಿ ನನ್ನನ್ನು ಕಾಡಿದುದು ಯುದ್ಧವಲ್ಲ, ಅಂಚೆಕಾರ್ಡು. ಅದುವರೆಗೆ ಹಿಟ್ಲರನ ಆಳ್ವಿಕೆಯನ್ನು ಮೌನದಿಂದ ಸಹಿಸಿ, ತುಸು ನಂಬಿಯೂ ಇದ್ದ ಕಾರ್ಖಾನೆಯ ಮೇಸ್ತ್ರಿಯೊಬ್ಬನು, ಏಕಮಾತ್ರ ಪುತ್ರನು ರಣರಂಗದಲ್ಲಿ ಮಡಿದ ಬಳಿಕ, ಮಡದಿಯೊಡಗೂಡಿ ಸರಕಾರವನ್ನು ಖಂಡಿಸುವ ಕಾರ್ಡುಗಳನ್ನು ಬರೆದು ಪರರ ಕಟ್ಟಡಗಳ ಮೆಟ್ಟಿಲುಗಳ ಮೇಲೆ ಇರಿಸಿ ಬರುತ್ತಾನೆ. ಕಂಡವರಾದರೋ ಭಯಗ್ರಸ್ತರಾಗಿ ಬಹುತೇಕ ಎಲ್ಲವನ್ನೂ ಪೊಲೀಸರಿಗೆ ಒಪ್ಪಿಸುತ್ತಾರೆ. ಇದು ಕೇವಲ ಕಲ್ಪನೆಯಲ್ಲ: ಓಟೋ ಮತ್ತು ಎಲೀಸ್ ಹಾಂಪೆಲ್ ಎಂಬ ದಂಪತಿಗಳು ಇಂಥದೇ ಕಾರ್ಡುಗಳಿಗಾಗಿ 1943ರ ಏಪ್ರಿಲಿನಲ್ಲಿ ಶಿರಚ್ಛೇದಕ್ಕೆ ಗುರಿಯಾದರು. ಅದೇ ಕಾಲದಲ್ಲಿ ನಮ್ಮ ಕರಾವಳಿಯಲ್ಲಿ, ಮುಂಬಯಿಯ ಹೋಟೆಲಿನಿಂದ ಮಗ ಬರೆದ ಕಾರ್ಡನ್ನು ಓದುಬಲ್ಲವನೊಬ್ಬನು ಅಂಗಳದಲ್ಲಿ ನಿಂತು ಗಟ್ಟಿಯಾಗಿ ಓದಿದರೆ ನೆರೆಹೊರೆಯೆಲ್ಲ ಆಲಿಸುತ್ತಿತ್ತು. ಬ್ರಿಟಿಷರ ಸೆನ್ಸಾರು ಇದ್ದೇ ಇತ್ತೆನ್ನಿ, ಆದರೆ ನೆರೆಯವನೇ ಗೂಢಚಾರನೆಂಬ ಶಂಕೆ ಮನೆಮನೆಯನ್ನು ಹೊಕ್ಕಿರಲಿಲ್ಲ. ಕೋಟದ ಶಿವರಾಮ ಕಾರಂತರು ‘ಮರಳಿ ಮಣ್ಣಿಗೆ’ಯಲ್ಲಿ ಪಾರೋತಿ, ಸರಸೋತಿ, ನಾಗವೇಣಿಯರ ಮುಖಾಂತರ ಸಾಮಾನ್ಯರ ಸಹನೆಗೆ ಒಂದು ಘನತೆಯನ್ನು ಒದಗಿಸಿದರು; ಕಡಲು, ಮಳೆ, ದಾರಿದ್ರ್ಯಗಳೆದುರು ಶೋಭಿಸುವ ಆ ಸಹನೆಯೇ ದುಷ್ಟ ಪ್ರಭುತ್ವದೆದುರು ಪಾಪದ ಪಾಲುದಾರಿಕೆಯಾಗಬಲ್ಲುದೆಂಬ ಕಹಿಯನ್ನು ಫಲಾಡನು, ಯಾರನ್ನೂ ರಾಕ್ಷಸೀಕರಿಸದೆ, ಆದರೆ ಯಾರನ್ನೂ ಸುಲಭವಾಗಿ ಕ್ಷಮಿಸದೆ, ನಿರೂಪಿಸಿದ್ದಾನೆ. 1947ರಲ್ಲಿ ತಾನು ತೀರಿಕೊಂಡ ಕೆಲವೇ ವಾರಗಳಲ್ಲಿ ಹೊರಬಂದ ಈ ಕೃತಿಯನ್ನು ಅವನು ಅಚ್ಚಿನಲ್ಲಿ ಕಾಣಲಿಲ್ಲ. ಓದುಗರು ಇದನ್ನು ಓದಬೇಕು. ಸಾಧ್ಯವಾದರೆ, ಕಾರಂತರನ್ನು ಓದಿದ ತರುವಾಯ.