ಸಮನ್ಸ್ ತಂದವರನ್ನ ನೋಡಿ ಹೊಲಕ್ಕ ಓಡಬ್ಯಾಡ್ರಿ

ಯೂರಿಯಾ ಬಗ್ಗೆ ಬರೀರಿ ಅಂತ ನಾಲ್ಕೈದು ಮಂದಿ ಕೇಳೀರಿ. ಅದನ್ನ ಮುಂದಿನ ವಾರ ಬರೀತೀನಿ. ಗೋವಿನಜೋಳ ಈಗ ಗೇಣುದ್ದ ಐತಿ, ಇನ್ನೊಂದು ವಾರ ತಡೀತೈತಿ. ಇವತ್ತು ಬೆಳೆಯ ಮಾತಲ್ಲ, ಸಾಲದ ದಾವಾ ಮತ್ತು ಕೋರ್ಟಿನ ಸಮನ್ಸ್ ಮಾತು.

ಹಾನಗಲ್ಲ ಇರಲಿ, ಶಿಗ್ಗಾವಿ ಇರಲಿ, ಸವಣೂರು, ಹಿರೇಕೆರೂರು ಇರಲಿ, ನಮ್ಮ ಕಡೆ ಒಂದು ಚಾಳಿ ಐತಿ. ಕೋರ್ಟಿನ ಬೇಲಿಫ್ ಊರಿಗೆ ಬಂದ ಅಂತ ಗೊತ್ತಾದ್ರ ಸಾಕು, ಸಾಲಗಾರ ಹಿತ್ತಲ ಬಾಗಿಲಿಂದ ಹೊಲ ಸೇರತಾನ. ಮನಿಯವರು "ಊರಾಗಿಲ್ರಿ" ಅಂತಾರ. ಪೋಸ್ಟಿನಾಗ ಬಂದ್ರ "ತಗೊಳ್ಳಂಗಿಲ್ಲ, ವಾಪಸ್ ಕಳಸ್ರಿ" ಅಂತ ಹೇಳಿ ಏನೋ ಗೆದ್ದಂಗ ಮಾಡ್ತಾರ. ಕಾಗದ ಕೈಗೆ ಮುಟ್ಟಲಿಲ್ಲ ಅಂದ್ರ ಕೇಸು ನಡೆಯಂಗಿಲ್ಲ ಅನ್ನೋದು ನಮ್ಮ ಕಟ್ಟೆಯ ಮೇಲಿನ ಕಾಯ್ದೆ. ಕೋರ್ಟಿನ ಕಾಯ್ದೆ ಬೇರೆ ಐತಿ. ಸಾಲಕ್ಕಿಂತ ಹೆಚ್ಚು ನಮ್ಮನ್ನ ಮುಳುಗಿಸಿದ್ದು ಈ ಓಟ ಅಂತ ನನ್ನ ಖಚಿತ ಅಭಿಪ್ರಾಯ.

1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲಿ ಇದಕ್ಕೆಲ್ಲ ದಾರಿ ಬರೆದಿಟ್ಟಿದ್ದಾರೆ. ನೀವು ಸಿಗದಿದ್ದರೆ ನಿಮ್ಮ ಜೊತೆ ಇರುವ ವಯಸ್ಸಿಗೆ ಬಂದ ಮನೆಯವರ ಕೈಗೆ ಕೊಡಬಹುದು, ಹೆಂಗಸರಾದರೂ ನಡೀತದೆ. ತಗೊಳ್ಳಲು ಒಪ್ಪದಿದ್ದರೆ ಬಾಗಿಲಿಗೆ ಅಂಟಿಸಿ ಹೋಗಬಹುದು. ಪೋಸ್ಟಿನವರು "ನಿರಾಕರಿಸಿದ್ದಾರೆ" ಅಂತ ಷರಾ ಬರೆದು ವಾಪಸ್ ಕಳಿಸಿದರೆ, ಸಮನ್ಸ್ ಮುಟ್ಟಿದೆ ಅಂತಲೇ ಕೋರ್ಟ್ ಹಿಡಿಯುತ್ತದೆ. ಆಮೇಲೆ ತಾರೀಖಿನ ದಿನ ನಿಮ್ಮ ಹೆಸರು ಕೂಗ್ತಾರ, ನೀವಿಲ್ಲ, ಎಕ್ಸ್ ಪಾರ್ಟಿ. ಎದುರಿನವರು ಹೇಳಿದ್ದಷ್ಟೇ ಉಳಿಯಿತು. ಅವರು ತಂದ ಪ್ರೋನೋಟು, ಅವರು ಬರೆದ ಬಡ್ಡಿ, ಅವರದೇ ಲೆಕ್ಕ.

ನಮ್ಮ ಪಕ್ಕದೂರಿನ ಒಬ್ಬರದು ಹೇಳ್ತೀನಿ, ಹೆಸರು ಬ್ಯಾಡ. ಒಂದು ದಲಾಲಿ ಅಂಗಡಿಯಿಂದ ಬೀಜ ಗೊಬ್ಬರಕ್ಕಂತ 1 ಲಕ್ಷ 20 ಸಾವಿರ ತಗೊಂಡು ನೋಟಿಗೆ ಸಹಿ ಮಾಡಿದ್ರು. ಮೂರು ಸುಗ್ಗಿ ಅದೇ ಅಂಗಡಿಗೆ ಮಾಲು ಹಾಕಿದ್ರು. ಪ್ರತಿ ಸಲ ಪಟ್ಟಿಯೊಳಗೆ ಸಾಲದ ಬಾಬ್ತು ಅಂತ ಮುರಕೊಂಡು ಉಳಿದದ್ದು ಕೊಟ್ಟಾರ. ಮೂರೂ ಸೇರಿ 84 ಸಾವಿರ ಮುರದಾರ. ಆದ್ರ ನೋಟಿನ ಹಿಂದ ಒಂದು ರೂಪಾಯಿ ಜಮಾ ಬರೆದಿಲ್ಲ. ದಾವಾ ಹಾಕಿದಾಗ ಅಸಲು ಪೂರ್ತಿ 1 ಲಕ್ಷ 20 ಸಾವಿರ, ಮ್ಯಾಲೆ ಬಡ್ಡಿ. ಇವರು ಸಮನ್ಸ್ ವಾಪಸ್ ಕಳಿಸಿದ್ರು. ಡಿಕ್ರಿ ಆಗಿ ಏಳು ತಿಂಗಳ ಮೇಲೆ ಹೊಲದ ಜಪ್ತಿ ನೋಟೀಸು ಬಂದಾಗ ಮನ್ಯಾಗಿನ ಟ್ರಂಕು ತೆಗೆದು ನೋಡಿದ್ರ, ಮೂರೂ ಪಟ್ಟಿ ಅಲ್ಲೇ ಇದ್ವು! ಅಂಗಡಿಯ ಸಿಕ್ಕಾ ಸಮೇತ. ಆ ಮೂರು ಚೀಟಿ ತಗೊಂಡು ಮೊದಲ ತಾರೀಖಿಗೆ ನಿಂತಿದ್ರ ಕೇಸಿನ ಮುಖವೇ ಬೇರೆ ಆಗತಿತ್ತು.

ಎಕ್ಸ್ ಪಾರ್ಟಿ ಡಿಕ್ರಿ ರದ್ದು ಮಾಡ್ರಿ ಅಂತ ಅರ್ಜಿ ಹಾಕೋ ದಾರಿ ಐತಿ. ಆದರೆ ಅದಕ್ಕೆ 30 ದಿನ ಅಷ್ಟೇ. ಸಮನ್ಸ್ ನಿಜವಾಗಿ ಮುಟ್ಟಿರಲಿಲ್ಲ ಅಂದ್ರ ಡಿಕ್ರಿ ವಿಷಯ ಗೊತ್ತಾದ ದಿನದಿಂದ ಎಣಿಸ್ತಾರ; ಮುಟ್ಟಿತ್ತು ಅಂದ್ರ ಡಿಕ್ರಿ ಆದ ದಿನದಿಂದ. "ನಿರಾಕರಿಸಿದ್ದಾರೆ" ಅನ್ನೋ ಒಂದು ಷರಾ ಇವರನ್ನ ಎರಡನೇ ಸಾಲಿನಾಗ ನಿಲ್ಲಿಸಿತು. ಏಳು ತಿಂಗಳು ತಡ. ತಡಕ್ಕೆ ಸರಿಯಾದ ಕಾರಣ ಕೊಡ್ರಿ ಅಂದ್ರ ಏನಂತ ಕೊಡೋದು? ಓಡಿ ಹೋಗಿದ್ದೆ ಅಂತಲೇ? ಡಿಕ್ರಿಗೆ ಮಾತ್ರ 12 ವರ್ಷ ಆಯುಷ್ಯ. ಅಷ್ಟು ವರ್ಷ ಅದನ್ನ ಜಾರಿ ಮಾಡಿಸಬಹುದು.

ಇದು ಇವತ್ತಿನ ಕಥೆ ಅಲ್ಲ. ಶಿಗ್ಗಾವಿ ತಾಲೂಕಿಗೆ ಬಂಕಾಪುರ ತಾಲೂಕು ಅಂತ, ಹಿರೇಕೆರೂರು ತಾಲೂಕಿಗೆ ಕೋಡ ತಾಲೂಕು ಅಂತ ಹೆಸರಿದ್ದ ಕಾಲದಾಗೂ ಇದೇ ನಡೆದಿತ್ತು. ನಾವಾಗ ಮುಂಬೈ ಇಲಾಖೆಯ ಧಾರವಾಡ ಜಿಲ್ಲೆ, ಸವಣೂರು ಮಾತ್ರ ನವಾಬರದು. 1840ರ ದಶಕದಲ್ಲಿ ಕಂಪನಿ ಸರ್ಕಾರ ಅಮೆರಿಕದ ಹತ್ತಿ ಬೀಜ ತಂದು ಧಾರವಾಡ ಸೀಮೆಯಲ್ಲಿ ಬೆಳೆಸಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾಗಿ ಅಲ್ಲಿನ ಹತ್ತಿ ನಿಂತಿತು, ನಮ್ಮ ಹತ್ತಿಗೆ ಬಂಗಾರದ ಬೆಲೆ ಬಂತು. ಸಾಹುಕಾರರು ಕರೆದು ಕರೆದು ಸಾಲ ಕೊಟ್ಟರು. 1865ಕ್ಕೆ ಯುದ್ಧ ಮುಗೀತು, ಬೆಲೆ ಬಿತ್ತು, ಸಾಲ ಹಂಗೇ ಉಳೀತು.

ಅದರ ಜೊತೆಗೆ ಒಂದು ಕಾಯ್ದೆಯ ಕಥೆ. 1859ರಲ್ಲಿ ಕಾಲಮಿತಿ ಕಾಯ್ದೆ ಬಂತು: ಸಾಲಪತ್ರಕ್ಕೆ ಮೂರು ವರ್ಷ ಅಷ್ಟೇ ಬೆಲೆ. ಬಡ್ಡಿ ಬೆಳೆಯಬಾರದು ಅಂತ ರೈತನ ಒಳ್ಳೇದಕ್ಕೆ ಮಾಡಿದ್ದು. ಸಾಹುಕಾರ ಏನು ಮಾಡಿದ? ಮೂರು ವರ್ಷ ತುಂಬೋದ್ರೊಳಗ ಬಡ್ಡಿಯನ್ನ ಅಸಲಿಗೆ ಕೂಡಿಸಿ ಹೊಸ ಪತ್ರ ಬರೆಸಿಕೊಂಡ. ನೂರು ಇದ್ದದ್ದು ನೂರೈವತ್ತು, ಮತ್ತ ಮೂರು ವರ್ಷಕ್ಕ ಇನ್ನೂರು ಚಿಲ್ಲರೆ. ಓದಲು ಬಾರದ ರೈತ ಹೆಬ್ಬೆಟ್ಟು ಒತ್ತಿದ. ಕೋರ್ಟಿಗೆ ಹೋದರೆ ಪತ್ರವೇ ಸಾಕ್ಷಿ. ರೈತ ಬರಲಿಲ್ಲ, ಏಕಪಕ್ಷೀಯ ಡಿಕ್ರಿ ಆಯ್ತು.

ಈಗ ನಮ್ಮ ಊರಾಗ "ನೋಟು ಬದಲಿಸಿ ಕೊಡ್ರಿ, ಮೂರು ವರ್ಷ ಆತು" ಅಂತ ಕೇಳ್ತಾರಲ್ಲ, ಅದರ ಬೇರು ಇಲ್ಲೈತಿ ನೋಡ್ರಿ. ಬ್ಯಾಂಕಿನವರು ಬಂದು "ಬಾಕಿ ಒಪ್ಪಿಗೆಗೆ ಒಂದು ಸಹಿ" ಅನ್ನೋದೂ ಅದೇ ಲೆಕ್ಕ. ಅವಧಿ ಮುಗಿಯೋದ್ರೊಳಗ ನೀವು ಸಹಿ ಮಾಡಿ ಬಾಕಿ ಒಪ್ಪಿಕೊಂಡ್ರ ಮೂರು ವರ್ಷ ಹೊಸದಾಗಿ ಶುರು ಆಗತಾವು. ಕೊಡಬೇಕಾದ ಸಾಲ ಕೊಡಬೇಕು, ಅದರಾಗ ಎರಡು ಮಾತಿಲ್ಲ. ಆದರ ಯಾವ ಮೊತ್ತಕ್ಕ ಸಹಿ ಮಾಡ್ತಿದ್ದೀವಿ ಅಂತ ನೋಡಿ ಮಾಡ್ರಿ.

1875ರ ಮೇ ತಿಂಗಳಲ್ಲಿ ಪುಣೆ ಜಿಲ್ಲೆಯ ಸುಪೆ ಅನ್ನೋ ಊರಲ್ಲಿ ರೈತರು ಎದ್ದರು. ಅವರ ಸಿಟ್ಟು ಹೆಚ್ಚಾಗಿ ಕಾಗದದ ಮೇಲಿತ್ತು. ಸಾಹುಕಾರರ ಮನೆಗೆ ಹೋಗಿ ಸಾಲಪತ್ರ, ಲೆಕ್ಕದ ವಹಿ ಹೊರಗೆ ತರಿಸಿ ಬೆಂಕಿ ಹಚ್ಚಿದರು. ಸರ್ಕಾರ ಆಯೋಗ ನೇಮಿಸಿತು, 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಅದರಲ್ಲಿದ್ದ ಮಾತು ನನಗೆ ಬಹಳ ಹಿಡಿಸಿದ್ದು: ಬರೀ ಪತ್ರ ನೋಡಿ ಡಿಕ್ರಿ ಕೊಡಬೇಡ, ಸಾಲ ಶುರುವಾದಾಗಿನಿಂದ ಲೆಕ್ಕ ತೆಗೆದು ನೋಡು, ಸಾಲಗಾರನನ್ನ ಕರೆದು ವಿಚಾರಿಸು ಅಂತ ಅದು ಕೋರ್ಟಿಗೇ ಹೇಳಿತ್ತು. ಸಾಲಕ್ಕಾಗಿ ರೈತನನ್ನ ಜೈಲಿಗೆ ಹಾಕೋದನ್ನೂ ನಿಲ್ಲಿಸಿತು. ಆಗ ಅದು ಪುಣೆ, ಸಾತಾರ, ಸೊಲ್ಲಾಪುರ, ಅಹಮದನಗರ ನಾಲ್ಕು ಜಿಲ್ಲೆಗೆ ಮಾತ್ರ. ಧಾರವಾಡ ಆ ನಾಲ್ಕರಾಗ ಇರಲಿಲ್ಲ.

ರೈತ ಕೋರ್ಟಿಗೆ ಬರೋದಿಲ್ಲ ಅನ್ನೋದನ್ನ ಆ ಬ್ರಿಟಿಷರ ಕಾಯ್ದೆ ಅರ್ಥ ಮಾಡಿಕೊಂಡಿತ್ತು. ಇವತ್ತಿನ ಪದ್ಧತಿ, ಕರೆದಿದ್ದೀವಿ ಬರದಿದ್ದರೆ ನಿನ್ನ ಕರ್ಮ ಅನ್ನುತ್ತದೆ. ಇದು ತಪ್ಪು ಅಂತ ನಾನು ಹೇಳ್ತೀನಿ. ಸಮನ್ಸಿನ ಮೇಲ್ಭಾಗದಲ್ಲೇ ದಪ್ಪ ಕನ್ನಡ ಅಕ್ಷರದಾಗ "ನೀವು ಬರದಿದ್ದರೆ ನಿಮ್ಮ ವಿರುದ್ಧ ತೀರ್ಪು ಆಗಬಹುದು, ಉಚಿತ ವಕೀಲರಿಗೆ ಈ ನಂಬರಿಗೆ ಫೋನ್ ಮಾಡಿ" ಅಂತ ಹಾಕಿದ್ರ ಯಾರಿಗೆ ನಷ್ಟ? ಇನ್ನೊಂದು ನೋಡ್ರಿ, ನಾವು ಖಾಲಿ ಇರೋ ಮೇ ತಿಂಗಳಾಗ ಸಿವಿಲ್ ಕೋರ್ಟಿಗೆ ಬೇಸಿಗೆ ರಜೆ. ಬಿತ್ತಿಗೆ ಶುರುವಾಯ್ತು ಅಂದ್ರ ತಾರೀಖೂ ಶುರು.

ಅಮೆರಿಕದ ಕಥೆ ಬಂತಲ್ಲ, ಅಬ್ರಹಾಂ ಲಿಂಕನ್ನನದೂ ಕೇಳ್ರಿ. 1830ರ ದಶಕದಾಗ ಇಲಿನಾಯ್ ಅಂದ್ರ ಹೊಸದಾಗಿ ಜನ ನೆಲೆ ನಿಂತ ಗಡಿಸೀಮೆ. ನ್ಯೂ ಸೇಲಂ ಅನ್ನೋ ಹಳ್ಳಿಯಾಗ ಪಾಲುದಾರನ ಜೊತೆ ಅಂಗಡಿ ಇಟ್ಟು ಮುಳುಗಿದ. ಸಾಲ ಕೊಟ್ಟವರು ದಾವಾ ಹಾಕಿದರು, ತೀರ್ಪು ಆಯ್ತು, ಅವನ ಕುದುರೆ ಮತ್ತು ಹೊಲ ಅಳೆಯೋ ಉಪಕರಣಗಳೇ ಲಿಲಾವಿಗೆ ಹೋದವು. ಅವನ ಹೊಟ್ಟೆಪಾಡೇ ಭೂಮಾಪನ! ಒಬ್ಬ ಗೆಳೆಯ ಲಿಲಾವಿನಾಗ ಕೊಂಡು ವಾಪಸ್ ಕೊಟ್ಟ, ಅದಕ್ಕ ಬದುಕಿದ. ಇಂಥವು ಎಲ್ಲಾ ಕಡೆ ಆಗತಿದ್ದವು. ಅದಕ್ಕೇ 1839ರಲ್ಲಿ, ಇನ್ನೂ ಬೇರೆ ದೇಶವಾಗಿದ್ದ ಟೆಕ್ಸಾಸ್ ಒಂದು ಕಾಯ್ದೆ ಮಾಡಿತು: 50 ಎಕರೆ, ಮನೆ, ಒಂದು ಜೋಡಿ ಎತ್ತು ಇಲ್ಲಾ ಒಂದು ಕುದುರೆ, ಐದು ಹಿಂಡೋ ಆಕಳು, ಇವನ್ನ ಸಾಲಕ್ಕಾಗಿ ಮುಟ್ಟಬಾರದು ಅಂತ.

ನಮ್ಮಲ್ಲೂ ಇಂಥ ರಕ್ಷಣೆ ಐತಿ, ಬಹಳ ಮಂದಿಗೆ ಗೊತ್ತಿಲ್ಲ. ಸಿವಿಲ್ ಸಂಹಿತೆಯ 60ನೇ ಕಲಂ ಪ್ರಕಾರ ರೈತನ ಒಕ್ಕಲುತನದ ಸಾಮಾನು, ಜೀವನಕ್ಕೆ ಬೇಕಾದಷ್ಟು ದನಕರು, ಬಿತ್ತನೆ ಕಾಳು, ಅವನು ವಾಸ ಮಾಡುವ ಮನೆ ಇವನ್ನ ಹಣದ ಡಿಕ್ರಿಗಾಗಿ ಜಪ್ತಿ ಮಾಡುವಂತಿಲ್ಲ. ಅಡವಿಟ್ಟದ್ದರ ಲೆಕ್ಕ ಬೇರೆ. 2002ರ ಸರ್ಫೇಸಿ ಕಾಯ್ದೆ ಬಳಸಿ ಬ್ಯಾಂಕಿನವರು ಮನೆ, ಫ್ಯಾಕ್ಟರಿಗೆ ಕೋರ್ಟಿಲ್ಲದೇ ಬೀಗ ಹಾಕ್ತಾರಲ್ಲ, ಅದು ಸಾಗುವಳಿ ಭೂಮಿಗೆ ಅನ್ವಯಿಸೋದಿಲ್ಲ. ಹಣ ಇಲ್ಲ ಅನ್ನೋ ಒಂದೇ ಕಾರಣಕ್ಕೆ ಸಿವಿಲ್ ಜೈಲಿಗೆ ಕಳಿಸಬಾರದು ಅಂತ ಸುಪ್ರೀಂ ಕೋರ್ಟ್ 1980ರಲ್ಲೇ ಹೇಳಿದೆ. 1961ರ ಕರ್ನಾಟಕ ಲೇವಾದೇವಿದಾರರ ಕಾಯ್ದೆಯಂತೆ ಲೈಸೆನ್ಸ್ ಇಲ್ಲದೇ ಬಡ್ಡಿ ವ್ಯವಹಾರ ಮಾಡುವವರಿಗೆ ಕೋರ್ಟ್ ಡಿಕ್ರಿ ಕೊಡುವಂತಿಲ್ಲ. ಆದರ ಇವೆಲ್ಲಾ ನೀವು ಹೋಗಿ ಹೇಳಿದ್ರ ಉಂಟು, ಇಲ್ಲಂದ್ರ ಪುಸ್ತಕದಾಗ. ಎದುರಿನವರ ವಕೀಲರು ನಿಮ್ಮ ಪರವಾಗಿ 60ನೇ ಕಲಂ ಓದ್ತಾರೇನು?

ಚೆಕ್ಕಿನ ಕೇಸಿಗೆ ಮಾತ್ರ ಇನ್ನೂ ಹುಷಾರಿರಬೇಕು, ಅದು ಸಿವಿಲ್ ಅಲ್ಲ, ಕ್ರಿಮಿನಲ್. ಖಾಲಿ ಚೆಕ್ಕಿಗೆ ಸಹಿ ಮಾಡಿ ಕೊಟ್ಟಿದ್ದೆ, ಮೊತ್ತ ಅವರೇ ಬರಕೊಂಡಾರ ಅಂದ್ರ ನಡೆಯಂಗಿಲ್ಲ. ಮನಸ್ಸಿನಿಂದ ಸಹಿ ಮಾಡಿ ಕೊಟ್ಟ ಚೆಕ್ಕು ಸಾಲಕ್ಕೇ ಕೊಟ್ಟದ್ದು ಅಂತ ಮೊದಲು ಊಹಿಸಬೇಕು, ಅಲ್ಲ ಅಂತ ತೋರಿಸೋದು ಕೊಟ್ಟವನ ಹೊಣೆ ಅಂತ 2019ರಲ್ಲಿ ಸುಪ್ರೀಂ ಕೋರ್ಟ್ ಹೇಳೈತಿ. ಚೆಕ್ ವಾಪಸ್ಸಾದ ನೋಟೀಸು ಮುಟ್ಟಿದ ಮೇಲೆ ಹಣ ಕಟ್ಟಲು 15 ದಿನ. ಆಮೇಲೆ ಕೇಸು. ಅಲ್ಲಿ ಸಮನ್ಸಿಗೆ ಹೋಗದಿದ್ರ ವಾರಂಟು ಬರತೈತಿ, ಪೊಲೀಸರು ಮನಿಗೆ ಬರ್ತಾರ. ಅದೇ ರೀತಿ ಸೊಸೈಟಿ ಸಾಲದ ನೋಟೀಸು ಸಹಕಾರ ಇಲಾಖೆಯಿಂದ ಬರತೈತಿ, "ಇದೇನು ಕೋರ್ಟಲ್ಲ" ಅಂತ ಬಿಡಬ್ಯಾಡ್ರಿ. ಅಲ್ಲಿ ಆಗೋ ಆದೇಶವೂ ಡಿಕ್ರಿ ಇದ್ದಂಗ ಜಾರಿ ಆಗತೈತಿ. ಜಾಮೀನಿಗೆ ಸಹಿ ಮಾಡಿದವರಿಗೂ ಇಷ್ಟೂ ಅನ್ವಯ. ಸಾಲಗಾರನಷ್ಟೇ ಜಾಮೀನುದಾರನೂ ಹೊಣೆ, ಮೊದಲು ಅವನನ್ನ ಕೇಳ್ರಿ ಅನ್ನೋಹಂಗಿಲ್ಲ.

ಹಂಗಂತ ವಾಟ್ಸಾಪಿಗೆ ಬಂದ ಪ್ರತಿಯೊಂದು ಕಾಗದಕ್ಕೂ ಹೆದರಬ್ಯಾಡ್ರಿ. ವಸೂಲಿ ಏಜೆಂಟರು ಕೋರ್ಟಿನ ಮುದ್ರೆ ಇದ್ದಂಗ ಮಾಡಿ ಫೋಟೋ ಕಳಸ್ತಾರ. ಕೇಸ್ ನಂಬರ್ ಕೇಳ್ರಿ, ಇ-ಕೋರ್ಟ್ಸ್ ಆ್ಯಪಿನಾಗ ಹಾಕಿ ನೋಡ್ರಿ, ಇಲ್ಲಾ ತಾಲೂಕು ಕೋರ್ಟಿಗೆ ಹೋಗಿ ವಿಚಾರಿಸ್ರಿ.

"ಅಲ್ರೀ, ವಕೀಲರ ಫೀ ಕಟ್ಟೋ ರೊಕ್ಕ ಇದ್ರ ಸಾಲಾನೇ ಕಟ್ಟತಿದ್ವಲ್ಲ" ಅಂತ ಮೊನ್ನೆ ಒಬ್ಬ ಕಾಕಾ ಅಂದ್ರು. ಮಾತು ಖರೆ. ಒಂದು ತಾರೀಖಿಗೆ ಹೋದ್ರ ಒಂದು ದಿನದ ಕೆಲಸ ಹೋತು, ಬಸ್ ಚಾರ್ಜು, ಚಾ, ಕೊನೆಗೆ ಮುಂದಿನ ತಾರೀಖು. ನಾನು ಅದನ್ನ ಸುಳ್ಳು ಅನ್ನೋದಿಲ್ಲ. ಆದರೆ ತಾಲೂಕು ಕೋರ್ಟುಗಳಲ್ಲಿ ಕಾನೂನು ಸೇವಾ ಸಮಿತಿ ಇರತೈತಿ. ಹೆಣ್ಣುಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇದ್ದವರಿಗೆ, ಬರ ಇಲ್ಲಾ ನೆರೆಗೆ ಸಿಕ್ಕವರಿಗೆ ಪುಕ್ಕಟೆ ವಕೀಲರನ್ನ ಕೊಡಬೇಕು ಅಂತ 1987ರ ಕಾಯ್ದೆ ಹೇಳತೈತಿ. ಫೋನ್ 15100. ಹೊಲ ಅವ್ವನ ಇಲ್ಲಾ ಹೆಂಡತಿಯ ಹೆಸರಿಲೆ ಇದ್ದು ಕೇಸು ಅವರ ಮ್ಯಾಲಿದ್ರ ಆದಾಯ ನೋಡೂದೇ ಇಲ್ಲ.

ಮೊದಲ ತಾರೀಖಿಗೆ ಹೋಗಿ ಹೆಸರು ಕೂಗಿದಾಗ ಕೈ ಎತ್ರಿ, ಅಷ್ಟು ಮಾಡಿದ್ರೂ ಎಕ್ಸ್ ಪಾರ್ಟಿ ತಪ್ಪತೈತಿ. ಕೈಫಿಯತ್ತು ಕೊಡಲು ಸಮನ್ಸ್ ಮುಟ್ಟಿದ 30 ದಿನ, ಕಾರಣ ಇದ್ದರೆ 90ರ ತನಕ. ಅಷ್ಟರಾಗ ವಕೀಲರು ಸಿಗ್ತಾರ. ಆಮೇಲೆ ಲೋಕ ಅದಾಲತ್. ಅಲ್ಲಿ ಬಡ್ಡಿ ಬಿಡಿಸಿ ಕಂತು ಮಾಡಿಸಿಕೊಂಡವರನ್ನ ನಾನು ಕಂಡೀನಿ. ಆದರ ಅಲ್ಲಿ ಆದ ರಾಜಿಗೆ ಅಪೀಲು ಇಲ್ಲ, ಅದೂ ಡಿಕ್ರಿಯೇ. ಸುಗ್ಗಿಗೆ ಕಟ್ಟಲು ಆಗೋವಷ್ಟಕ್ಕೇ ಒಪ್ಪಿಕೊಳ್ರಿ, ನ್ಯಾಯಾಧೀಶರ ಮುಂದೆ ನಾಚಿಕೊಂಡು ದೊಡ್ಡ ಕಂತಿಗೆ ಹೂಂ ಅನ್ನಬ್ಯಾಡ್ರಿ.

ಸಾಲಮನ್ನಾ ಆಗತೈತಿ, ಕಾಯೋಣ ಅನ್ನೋವ್ರಿಗೆ ಒಂದೇ ಮಾತು. 2018ರ ಮನ್ನಾ ಸೊಸೈಟಿ ಮತ್ತು ಬ್ಯಾಂಕಿನ ಬೆಳೆಸಾಲಕ್ಕೆ ಬಂದದ್ದು. ದಲಾಲಿ ಅಂಗಡಿ, ಕೈಗಡ, ಟ್ರ್ಯಾಕ್ಟರ್ ಫೈನಾನ್ಸಿನ ದಾವಾ ಅದರಿಂದ ನಿಲ್ಲಲಿಲ್ಲ.

ದಲಾಲಿ ಅಂಗಡಿಯ ಪಟ್ಟಿ, ಸೊಸೈಟಿ ಪಾವತಿ, ಬ್ಯಾಂಕಿನ ಚಲನ್ ಇವನ್ನ ವರ್ಷದ ಪ್ರಕಾರ ಒಂದು ಪ್ಲಾಸ್ಟಿಕ್ ಚೀಲದಾಗ ಹಾಕಿ ಇಡ್ರಿ. ಪಟ್ಟಿಯ ಅಕ್ಷರ ಎರಡು ವರ್ಷಕ್ಕ ಮಾಸಿ ಹೋಗತಾವು, ಬಂದ ದಿನವೇ ಮೊಬೈಲಿನಾಗ ಫೋಟೋ ತಗೀರಿ. ಹಣ ಕಟ್ಟಿದ ದಿನ ನೋಟಿನ ಹಿಂದ ಜಮಾ ಬರೆಸಿ ಸಹಿ ಹಾಕಿಸಿ ಬರ್ರಿ. ಹಿರೇಕೆರೂರು ಕಡೆ ಬೀಜೋತ್ಪಾದನೆ ಮಾಡೋವ್ರಿಗೆ ಕಂಪನಿ ಮುಂಗಡದ ಕಾಗದ ಬೇರೆ ನಮೂನಿ ಇರತೈತಿ ಅಂತ ಕೇಳೀನಿ. ಯಾರ ಹತ್ರ ಆದ್ರೂ ಅಂಥ ಒಪ್ಪಂದದ ಪ್ರತಿ ಇದ್ರ ಹೆಸರು ಮುಚ್ಚಿ ಕಳಸ್ರಿ, ವಕೀಲರಿಗೆ ತೋರಿಸಿ ಅದರ ಬಗ್ಗೆ ಬೇರೆ ಬರೀತೀನಿ.