ಬಿಡುವಿನ ಕೈಗೆಲಸ: ಮನೆಯಲ್ಲೇ ಜಿಗ್ ಗಾಳ

ಗಾಳ ಹಾಕುವುದು ನಮ್ಮವರಿಗೆ ಹೊಸ ವಿದ್ಯೆಯಲ್ಲ. ಕರಾವಳಿಯಿಂದಲೋ ಕೃಷ್ಣೆ, ಮಲಪ್ರಭೆಗಳ ದಂಡೆಯಿಂದಲೋ ಪುಣೆಗೆ ಬಂದವರು ಬಾಲ್ಯದಲ್ಲೇ ಕಲಿತದ್ದು ಅದು. ನಾವು ಗಾಳವೆಂದರೆ ನೆರೆಯ ಮರಾಠಿಗರು 'ಗಳ' ಎನ್ನುತ್ತಾರೆ. ಆದರೆ ಜಿಗ್ ಎಂಬ ಗಾಳವನ್ನು ಮನೆಯಲ್ಲೇ ಮಾಡಿಕೊಳ್ಳುವ ಹವ್ಯಾಸ ಹಲವರಿಗೆ ಹೊಸದು. ಅದರ ಮೊದಲ ಪಾಠವನ್ನು ಈ ಸಲ ಹೇಳುತ್ತೇವೆ.

ಜಿಗ್ ಎಂದರೆ ತಲೆಯಲ್ಲಿ ಭಾರ, ಬಾಲದಲ್ಲಿ ಪುಕ್ಕ ಇರುವ ಗಾಳ. ದಾರ ಕಟ್ಟುವ ಕಣ್ಣಿನ ಬಳಿ ಇದರ ಕತ್ತು ಬಾಗಿರುತ್ತದೆ; ಆದ್ದರಿಂದ ನೀರಿನಲ್ಲಿ ಮೊನೆ ಮೇಲ್ಮುಖವಾಗಿ ನಿಂತು ಕಲ್ಲಿಗೆ ಸಿಕ್ಕುವುದು ಕಡಮೆ. ಎತ್ತಿ ಇಳಿಬಿಡುತ್ತಿದ್ದರೆ ಮರಿಮೀನು ಕುಣಿದಂತೆ ಕಾಣುತ್ತದೆ. ಬಹಳ ಸಲ ಮೀನು ಕಚ್ಚುವುದು ಅದು ಕೆಳಗಿಳಿಯುವಾಗಲೇ.

ತಲೆಯ ಭಾರಕ್ಕೆ ಸೀಸ ಕರಗಿಸಿ ಹೊಯ್ಯುವುದು ಹಳೆಯ ವಾಡಿಕೆ. ಎರಡು ಕೋಣೆಗಳ ಸಂಸಾರದಲ್ಲಿ ಅದು ಬೇಡವೇ ಬೇಡವೆಂದು ನಮ್ಮ ಸಲಹೆ. ಸೀಸದ ಹೊಗೆ, ಬೂದಿ, ಪುಡಿ ಎಲ್ಲವೂ ವಿಷ. ದೊಡ್ಡವರಿಗಿಂತ ಮಕ್ಕಳ ಮೈ ಅದನ್ನು ನಾಲ್ಕೈದು ಪಟ್ಟು ಹೆಚ್ಚು ಹೀರಿಕೊಳ್ಳುತ್ತದೆ. ಬುದ್ಧಿಯ ಬೆಳವಣಿಗೆಗೇ ಕುಂದು. ಇಷ್ಟಿದ್ದರೆ ಅಪಾಯವಿಲ್ಲ ಎನ್ನುವ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗಾಳದ ಸೀಸ ನುಂಗಿ ಹಂಸಗಳು ಸತ್ತದ್ದರಿಂದ ಬ್ರಿಟನ್ನಿನಲ್ಲಿ 1987ರಿಂದ ಬಹುಪಾಲು ಸೀಸದ ಗುಂಡುಗಳ ಮಾರಾಟವೇ ನಿಂತಿದೆ.

ಮೊದಲ ಜಿಗ್ಗಿಗೆ ಒಲೆಯೇ ಬೇಡ. ಕತ್ತು ಬಾಗಿದ ಗಾಳವೊಂದನ್ನು ಕೊಳ್ಳಿರಿ. ಮೊನೆಯ ಹಿಮ್ಮುಳ್ಳನ್ನು ಇಕ್ಕಳದಿಂದ ಅದುಮಿರಿ. ಬೇಡದ ಮೀನನ್ನು ಬಿಡಿಸಿ ಬಿಡುವುದಕ್ಕೂ ಇದು ಅನುಕೂಲ. ಬಳಿಕ ಒಂದೆರಡು ಸಣ್ಣ ಉಕ್ಕಿನ ನಟ್ಟುಗಳನ್ನು ಮೊನೆಯ ಕಡೆಯಿಂದ ಪೋಣಿಸಿ, ಕತ್ತಿನವರೆಗೆ ಸರಿಸಿ, ದಾರದಿಂದ ಬಿಗಿಯಿರಿ. ಹಿಂದೆ ಕೋಳಿಯ ಪುಕ್ಕವನ್ನೋ ಕೆಂಪು ಉಣ್ಣೆಯನ್ನೋ ಕಟ್ಟಿರಿ. ಈ ಕೆಲಸದಲ್ಲಿ ಕಸೂತಿ ಬಲ್ಲ ಮನೆಯವರ ಬೆರಳು ನಮ್ಮದಕ್ಕಿಂತ ಚುರುಕು! ಬಕೆಟ್ಟಿನ ನೀರಿನಲ್ಲಿ ಇಳಿಬಿಟ್ಟು ನೋಡಿ, ಬಾಲ ಜೋತರೆ ಪುಕ್ಕವನ್ನು ಕತ್ತರಿಸಿ ಸರಿಮಾಡಿರಿ. ಸರಿಯಾಗಿ ನಿಂತ ಮೇಲೆ ಒರೆಸಿ ಒಣಗಿಸಿ ಗಂಟುಗಳಿಗೆ ಉಗುರುಬಣ್ಣ ಬಳಿದರಾಯಿತು.

ಕೈ ಪಳಗಿದ ಮೇಲೆ ಎರಕದ ಆಸೆಯಾದರೆ ತವರವಿದೆ. ಪಾತ್ರೆಗೆ ಕಲಾಯಿ ಹಾಕುವುದು ಇದರಿಂದಲೇ. ಸೀಸ ಬೆರೆಯದ್ದನ್ನೇ ಕೇಳಿ ಕೊಳ್ಳಿರಿ. ಸೀಸ ಕರಗಲು 327 ಡಿಗ್ರಿ ಸೆಂಟಿಗ್ರೇಡ್ ಬೇಕು, ತವರಕ್ಕೆ 232 ಸಾಕು. ಬೆಲೆ ಹೆಚ್ಚು, ಹಗುರವಾದ್ದರಿಂದ ಅದೇ ತೂಕಕ್ಕೆ ಗಾತ್ರವೂ ಒಂದೂವರೆ ಪಟ್ಟು. ಆದರೂ ಬಯಲಿನಲ್ಲೇ ಕರಗಿಸಿ, ಅಡಿಗೆಯ ಪಾತ್ರೆ ಮುಟ್ಟಬೇಡಿ. ಅಚ್ಚಿನಲ್ಲಿ ಹನಿ ನೀರಿದ್ದರೂ ಕಾದ ಲೋಹ ಮುಖಕ್ಕೆ ಸಿಡಿದೀತು. ಮಳೆಗಾಲದಲ್ಲಿ ಈ ಕೆಲಸಕ್ಕೆ ರಜೆ ಕೊಡುವುದೇ ಲೇಸು.

ಖಡಕವಾಸ್ಲಾದಂಥ ಜಲಾಶಯಕ್ಕೆ ಹೋಗುವ ಮುನ್ನ ಅಪ್ಪಣೆ ವಿಚಾರಿಸಿಕೊಳ್ಳಿ. ದೇಹು, ಆಳಂದಿಗಳಲ್ಲಿ ಇಂದ್ರಾಯಣಿಯ ಮೀನು ಪೂಜ್ಯ. ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿ ಬಂದ ನಮಗೆ ಇದನ್ನು ಹೇಳಬೇಕಿಲ್ಲ. ದಖ್ಖನಿನ ಮಾಹಸೀರ್ ಮೀನನ್ನು ಸೈಕ್ಸ್ ಎಂಬ ಆಂಗ್ಲ ಅಧಿಕಾರಿ 1839ರಲ್ಲಿ ಶಾಸ್ತ್ರಲೋಕಕ್ಕೆ ಪರಿಚಯಿಸಿದ್ದು ಇದೇ ಪುಣೆಯ ಮುಳಾ-ಮುಠಾ ಹೊಳೆಯ ಮೀನಿನಿಂದ. ಅದು ಸಿಕ್ಕರೆ ನೋಡಿ, ಮಕ್ಕಳಿಗೂ ತೋರಿಸಿ, ನೀರಿಗೆ ಬಿಡಿರಿ.

ಮಾಡಿ ನೋಡಿದವರು ತಮ್ಮ ಅನುಭವವನ್ನು ನಮಗೆ ಬರೆದು ತಿಳಿಸಬೇಕೆಂದು ಕೋರುತ್ತೇವೆ.